ಮನೆಯ ಮೌಲ್ಯಮಾಪನವೂ ಮನಸ್ಸಿನ ಚಿಂತೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಈ ಎರಡು ಕಾರ್ಯಗಳು ಮನುಷ್ಯನ ಹಣವನ್ನಷ್ಟೇ ಅಲ್ಲದೆ ನಿದ್ರೆಯನ್ನೂ ಕಸಿಯುತ್ತವೆ ಎಂಬುದನ್ನು ವೈದ್ಯವೃತ್ತಿಯ ನಾಲ್ಕು ದಶಕಗಳಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಇಂದು ನಮ್ಮ ಮಕ್ಕಳು ಸಾಗರದಾಚೆ ನೆಲೆಸಿ ಅಲ್ಲಿಯೇ ಮನೆಗಳನ್ನು ಕೊಳ್ಳುತ್ತಿದ್ದಾರೆ. ಅಲ್ಲಿನ ಕ್ರಯದ ಕ್ರಮ ಬೇರೆ, ಸಾಲದ ನಿಯಮ ಬೇರೆ. ಆದರೆ ಅದರಿಂದ ಹುಟ್ಟುವ ಚಿಂತೆಯು ದೂರವಾಣಿಯ ಮೂಲಕ ಒಂದು ಕ್ಷಣದಲ್ಲಿ ಇಲ್ಲಿಯ ತಂದೆತಾಯಿಗಳ ಎದೆಯನ್ನು ಸೇರುತ್ತದೆ. ಅಂತಹ ಒಂದು ಪ್ರಸಂಗವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ.

ಗದಗ ಸೀಮೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕಳೆದ ಬೇಸಿಗೆಯಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಅರವತ್ತೆಂಟು. ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿರುವವರು, ನಿಯಮಿತ ಜೀವನದವರು. ಅಂದು ಅವರ ಮುಖ ಬಾಡಿತ್ತು, ಕಣ್ಣಡಿ ಕಪ್ಪಾಗಿತ್ತು. “ಡಾಕ್ಟರ, ರಾತ್ರಿ ಎರಡಕ್ಕ ಎಚ್ಚರಾಗತೈತ್ರಿ. ಆಮ್ಯಾಲೆ ಏನ್ ಮಾಡಿದ್ರೂ ನಿದ್ದಿ ಹತ್ತೂದಿಲ್ಲ. ಉಂಡದ್ದು ಅರಗವಲ್ದು,” ಎಂದರು. ನಾಡಿ ನೋಡಿದೆವು, ಒತ್ತಡವನ್ನು ಅಳೆದೆವು. 168ಕ್ಕೆ 98 ಇತ್ತು. ಮಾತ್ರೆ ತಪ್ಪಿಸಿಲ್ಲವೆಂದರು. “ಮಾಸ್ತರರೇ, ಮನೆಯಲ್ಲಿ ಏನಾದರೂ ನಡೆದಿದೆಯೇ?” ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ವಿಷಯವನ್ನು ಬಿಚ್ಚಿಟ್ಟರು.

ಅವರ ಮಗ ಮತ್ತು ಸೊಸೆ ಅಮೆರಿಕದ ಓಹಾಯೋ ರಾಜ್ಯದಲ್ಲಿ ಇಂಜಿನಿಯರರು. ಏಳು ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ಸ್ವಂತ ಮನೆಗೆ ಕೈಹಾಕಿದ್ದರು. ಮಾರುವವರು 4,50,000 ಡಾಲರ್ ಕೇಳಿದ್ದರು. ಇನ್ನೂ ನಾಲ್ಕು ಜನ ಆ ಮನೆಗೆ ಆಸೆಪಟ್ಟಿದ್ದರಿಂದ ಮಗನು ಕೇಳಿದ ಬೆಲೆಗಿಂತ 25,000 ಹೆಚ್ಚಿಗೆ, ಅಂದರೆ 4,75,000 ಕೊಡಲೊಪ್ಪಿ ಮನೆಯನ್ನು ಗೊತ್ತುಮಾಡಿಕೊಂಡಿದ್ದನು. ಗೊತ್ತಾದ ಸಂತೋಷ ಎರಡು ದಿನವೂ ಉಳಿಯಲಿಲ್ಲ. ಸಾಲ ಕೊಡುವ ಬ್ಯಾಂಕು ಮನೆಯ ಬೆಲೆ ಕಟ್ಟಿಸಲು ಒಬ್ಬ ಮೌಲ್ಯಮಾಪಕನನ್ನು ಕಳುಹಿಸಲಿದೆ, ಅವನು ಕಡಿಮೆ ಬರೆದರೇನು ಗತಿ ಎಂಬ ಅಳುಕು ಮಗನನ್ನು ಹಿಡಿಯಿತು. ಮಗನಿಂದ ಅದು ತಂದೆಗೆ ಅಂಟಿತು. “ಬೆಲೆ ಕಡಿಮಿ ಬರದ್ರ ಸಾಲನ ಕೊಡೂದಿಲ್ಲಂತ್ರಿ. ಕೊಟ್ಟ ಸಂಚಕಾರನೂ ಹೋಗತೈತಿ. ಅದಕ್ಕ ಎರಡು ಎಕರೆ ಎರಿಹೊಲ ಮಾರಬೇಕಂತ ಮಾಡೀನಿ,” ಎಂದು ಮಾಸ್ತರರು ಹೇಳಿದಾಗ ನಮಗೆ ರೋಗದ ಮೂಲ ತಿಳಿಯಿತು. ಹೊಲ ಕೊಳ್ಳಲು ಬಂದವನು ಅವರ ಅವಸರವನ್ನು ಕಂಡು ಬೆಲೆಯನ್ನು ಆಗಲೇ ಇಳಿಸಿದ್ದನು.

ನಿದಾನ: ಅಪ್ರೈಸಲ್ ಎಂದರೇನು?

ಯಾವುದೇ ಚಿಕಿತ್ಸೆಗೆ ಮೊದಲು ನಿದಾನವನ್ನು, ಎಂದರೆ ಕಾರಣವನ್ನು ಅರಿಯಬೇಕೆಂಬುದು ಆಯುರ್ವೇದದ ನಿಯಮ. ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆ. ಇಲ್ಲಿ ಕಾರಣವು ದೇಹದಲ್ಲಿರದೆ ಅರ್ಧ ತಿಳಿದ ಒಂದು ವ್ಯವಹಾರದಲ್ಲಿತ್ತು. ಆದುದರಿಂದ ಮಗನೊಡನೆ ಅಲ್ಲಿಯೇ ಕುಳಿತು ಮಾತನಾಡಿ, ಅಲ್ಲಿ ಮನೆಸಾಲದ ಕೆಲಸದಲ್ಲಿರುವ ನಮ್ಮ ಬಂಧುವೊಬ್ಬರನ್ನೂ ವಿಚಾರಿಸಿ, ನಾವು ತಿಳಿದುಕೊಂಡುದನ್ನು ಇಲ್ಲಿ ಸರಳವಾಗಿ ಹೇಳುತ್ತೇವೆ.

ಅಮೆರಿಕದಲ್ಲಿ ಮನೆಸಾಲ ಕೊಡುವ ಸಂಸ್ಥೆಯು ಸಾಮಾನ್ಯವಾಗಿ ಪರವಾನಗಿ ಹೊಂದಿದ ಸ್ವತಂತ್ರ ಮೌಲ್ಯಮಾಪಕನಿಂದ ಮನೆಯ ಬೆಲೆ ಕಟ್ಟಿಸುತ್ತದೆ. ಇದನ್ನು ಅಪ್ರೈಸಲ್ ಎನ್ನುತ್ತಾರೆ. ಶುಲ್ಕವನ್ನು ಕೊಳ್ಳುವವರೇ ಭರಿಸಿದರೂ ಅವನು ವರದಿ ಬರೆಯುವುದು ಬ್ಯಾಂಕಿಗಾಗಿ. ಇಂತಿಷ್ಟೇ ಬರೆಯೆಂದು ಅವನ ಮೇಲೆ ಯಾರೂ ಒತ್ತಡ ತರಬಾರದೆಂದು 2010ರ ಕಾನೂನು ವಿಧಿಸಿದೆ. ಅವನು ಮನೆಯನ್ನು ನೋಡಿ, ಅಳತೆ ಮಾಡಿ, ಆ ಭಾಗದಲ್ಲಿ ಇತ್ತೀಚೆಗೆ ಮಾರಾಟವಾದ ಅಂತಹುದೇ ಮನೆಗಳನ್ನು ಹುಡುಕುತ್ತಾನೆ. ಸಾಮಾನ್ಯವಾಗಿ ಕನಿಷ್ಠ ಮೂರು ಹೋಲಿಕೆಯ ಮನೆಗಳಾದರೂ ಬೇಕು. ಒಂದರಲ್ಲಿ ಸ್ನಾನಗೃಹ ಹೆಚ್ಚಿದ್ದರೆ, ಇನ್ನೊಂದರಲ್ಲಿ ಕಾರು ನಿಲ್ಲಿಸುವ ಸ್ಥಳ ಇಲ್ಲದಿದ್ದರೆ, ಆ ಅಂತರಕ್ಕೆ ತಕ್ಕಂತೆ ಬೆಲೆಯನ್ನು ಕೂಡಿಸಿ ಕಳೆದು, ಕೊನೆಗೆ ಒಂದು ಮೊತ್ತವನ್ನು ನಿರ್ಣಯಿಸುತ್ತಾನೆ. ಇಬ್ಬರೂ ಒಪ್ಪಿ ಬರೆದ ಕರಾರುಪತ್ರವನ್ನೂ ಅವನು ಪರಿಶೀಲಿಸುತ್ತಾನೆ. ಬಹುಪಾಲು ಪ್ರಸಂಗಗಳಲ್ಲಿ ಮೌಲ್ಯವು ಒಪ್ಪಿದ ಬೆಲೆಗೆ ಸಮನಾಗಿ ಅಥವಾ ಅದಕ್ಕಿಂತ ಮೇಲೆಯೇ ಬರುತ್ತದೆ. ಕಡಿಮೆ ಬರುವ ಸಂಭವ ಹೆಚ್ಚುವುದು ಬೆಲೆಗಳು ಬೇಗ ಏರುತ್ತಿರುವಾಗ. ಏಕೆಂದರೆ ಅವನು ನೋಡುವುದು ಹಿಂದಿನ ತಿಂಗಳುಗಳ ಮಾರಾಟವನ್ನು. ಕೊಳ್ಳುವವರು ಸ್ಪರ್ಧಿಸುವುದು ಇಂದಿನ ಬೆಲೆಗೆ.

ಕಡಿಮೆ ಬಂದರೆ ಏನಾಗುತ್ತದೆ? ಸಾಲವೇ ಇಲ್ಲವಾಗುತ್ತದೆ ಎಂದು ಮಾಸ್ತರರು ತಿಳಿದಿದ್ದರು. ಅದು ತಪ್ಪು. ಒಪ್ಪಿದ ಬೆಲೆ ಮತ್ತು ಕಟ್ಟಿದ ಮೌಲ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಬ್ಯಾಂಕು ಸಾಲವನ್ನು ಲೆಕ್ಕ ಹಾಕುತ್ತದೆ, ಅಷ್ಟೆ. ನಾವು ಚೀಟಿಯ ಹಿಂಬದಿಯಲ್ಲಿಯೇ ಲೆಕ್ಕ ಬರೆದು ತೋರಿಸಿದೆವು. 4,75,000ಕ್ಕೆ ನೂರಕ್ಕೆ 80ರಂತೆ ಸಾಲ 3,80,000. ಮಗ ಕೈಯಿಂದ ಹಾಕಬೇಕಾದುದು 95,000. ಅಷ್ಟನ್ನು ಅವನು ಕೂಡಿಟ್ಟಿದ್ದನು. ಮೌಲ್ಯಮಾಪಕನು 4,55,000 ಎಂದು ಬರೆದನೆನ್ನೋಣ. ಆಗ ನೂರಕ್ಕೆ 80ರಂತೆ ಸಾಲ 3,64,000. ಕೈಯಿಂದ ಬೇಕಾಗುವುದು 1,11,000. ಹೊಸದಾಗಿ ಹುಡುಕಬೇಕಾದುದು 16,000 ಡಾಲರ್. ಅದೇನೂ ಸಣ್ಣ ಮೊತ್ತವಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮಾಸ್ತರರ ಕಣ್ಣಮುಂದೆ ನಿಲ್ಲುತ್ತಿದ್ದುದು 4,75,000 ಡಾಲರಿನ ಪೂರ್ಣ ಮೊತ್ತ! ಅಳತೆ ತಿಳಿಯದ ಭಯವು ಯಾವಾಗಲೂ ವಸ್ತುವಿಗಿಂತ ದೊಡ್ಡದಾಗಿರುತ್ತದೆ.

ಸಾಧ್ಯ, ಯಾಪ್ಯ, ಅಸಾಧ್ಯ

ನಮ್ಮ ಶಾಸ್ತ್ರವು ರೋಗಗಳನ್ನು ವಾಸಿಯಾಗುವಂತಹವು, ಪಥ್ಯೌಷಧಗಳಿಂದ ಹಿಡಿತದಲ್ಲಿಡಬಹುದಾದಂತಹವು, ವಾಸಿಯಾಗದಂತಹವು ಎಂದು ವಿಂಗಡಿಸುತ್ತದೆ. ಕಡಿಮೆ ಬಂದ ಮೌಲ್ಯಮಾಪನವನ್ನೂ ಹೀಗೆಯೇ ನೋಡಬಹುದು.

ಸಾಧ್ಯವಾದುದು: ವರದಿಯಲ್ಲಿ ತಪ್ಪಿದ್ದರೆ ತಿದ್ದಿಸಬಹುದು. ಮೌಲ್ಯಮಾಪನದ ಪ್ರತಿಯನ್ನು ಸಾಲದ ಪೂರ್ಣಗೊಳಿಕೆಗೆ ಕನಿಷ್ಠ ಮೂರು ಕೆಲಸದ ದಿನಗಳ ಮೊದಲು ಪಡೆಯುವ ಹಕ್ಕು ಸಾಲಗಾರನಿಗೆ ಅಲ್ಲಿ ಇದೆ. ವಿಸ್ತೀರ್ಣವನ್ನು ತಪ್ಪಾಗಿ ಬರೆದಿದ್ದರೆ, ಕೋಣೆಯೊಂದನ್ನು ಬಿಟ್ಟಿದ್ದರೆ, ಹತ್ತಿರದ ಯೋಗ್ಯ ಮಾರಾಟವನ್ನು ಗಮನಿಸದಿದ್ದರೆ, ದಾಖಲೆಗಳೊಡನೆ ಬ್ಯಾಂಕಿನ ಮೂಲಕ ಮರುಪರಿಶೀಲನೆಗೆ ಕೇಳಬಹುದು. ಮಾರುವವರೊಡನೆ ಮತ್ತೆ ಚೌಕಾಸಿಯನ್ನೂ ಮಾಡಬಹುದು. ಸಾಲ ಪಡೆದು ಕೊಳ್ಳುವ ಬೇರೊಬ್ಬನು ಬಂದರೂ ಇದೇ ತೊಡಕು ಎದುರಾಗಬಹುದೆಂದು ಅವರಿಗೂ ಗೊತ್ತಿರುವುದರಿಂದ ಎಷ್ಟೋ ಜನ ಬೆಲೆ ಇಳಿಸುತ್ತಾರೆ ಅಥವಾ ಅಂತರವನ್ನು ಹಂಚಿಕೊಳ್ಳುತ್ತಾರೆ.

ಯಾಪ್ಯವಾದುದು: ಕೈಯಿಂದ ಹಾಕುವ ಹಣವನ್ನು ಹೆಚ್ಚಿಸದೆ, ಮೌಲ್ಯದ ನೂರಕ್ಕೆ 80ನ್ನು ಮೀರಿ ಸಾಲ ಪಡೆಯುವುದು. ಅದಕ್ಕೆ ಬ್ಯಾಂಕು ಒಪ್ಪಿದರೆ ಪ್ರತಿ ತಿಂಗಳೂ ಸಾಲವಿಮೆಯ ಕಂತು ಬೀಳುತ್ತದೆ. ಇದು ಶಾಶ್ವತವಲ್ಲ. ಸಾಲವು ಮನೆಯ ಮೂಲಮೌಲ್ಯದ ನೂರಕ್ಕೆ 80ಕ್ಕೆ ಇಳಿದಾಗ ವಿಮೆಯನ್ನು ನಿಲ್ಲಿಸುವಂತೆ ಕೇಳಲು 1998ರ ಕಾನೂನು ಅವಕಾಶ ನೀಡಿದೆ. ಕಂತು ತಪ್ಪಿಸದೆ ಕಟ್ಟುತ್ತಿದ್ದರೆ 78ಕ್ಕೆ ಬರುವ ಹೊತ್ತಿಗೆ ಅದು ತಾನಾಗಿಯೇ ನಿಲ್ಲಬೇಕು.

ಅಸಾಧ್ಯವಾದುದು: ಮಾರುವವರು ಇಳಿಸುವುದಿಲ್ಲ, ವರದಿಯಲ್ಲಿ ತಪ್ಪಿಲ್ಲ, ಕೈಯಲ್ಲಿ ಹಣವೂ ಇಲ್ಲ. ಆಗ ಆ ಮನೆಯನ್ನು ಬಿಡಬೇಕು. ಇಲ್ಲಿ ಮುಖ್ಯವಾದುದು ಕರಾರಿನ ಒಂದು ಷರತ್ತು. ಮೌಲ್ಯ ಕಡಿಮೆ ಬಂದರೆ ಹಿಂದೆ ಸರಿಯಬಹುದೆಂಬ ಷರತ್ತನ್ನು ಕರಾರಿನಲ್ಲಿ ಉಳಿಸಿಕೊಂಡಿದ್ದರೆ, ಹೇಳಿದ ಅವಧಿಯೊಳಗೆ ತಿಳಿಸಿ ಸಂಚಕಾರದ ಹಣವನ್ನು ಮರಳಿ ಪಡೆಯಬಹುದು. ಸ್ಪರ್ಧೆಯ ಬಿಸಿಯಲ್ಲಿ ಆ ಷರತ್ತನ್ನು ಬಿಟ್ಟುಕೊಟ್ಟಿದ್ದರೆ ಸಂಚಕಾರವನ್ನು ಕಳೆದುಕೊಳ್ಳುವ ಅಪಾಯ ನಿಜವಾದುದೇ. ಆದ್ದರಿಂದ ಹೆಚ್ಚಿನ ಬೆಲೆ ಕೊಡಲೊಪ್ಪುವವರು ಸಹಿಗೆ ಮೊದಲೇ ಈ ಷರತ್ತನ್ನು ಓದಿ, ಅರ್ಥಮಾಡಿಕೊಂಡು, ಅಂತರ ಬಿದ್ದರೆ ಎಷ್ಟರವರೆಗೆ ತುಂಬಬಲ್ಲೆವೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಮಗನನ್ನು ಕೇಳಿದಾಗ, “ಷರತ್ತು ಇದೆ ಕಾಕಾ, ನಾನು ಬಿಟ್ಟುಕೊಟ್ಟಿಲ್ಲ,” ಎಂದನು. ಹತ್ತು ದಿನಗಳಿಂದ ತಂದೆಗೆ ಅದನ್ನು ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ; ಕೇಳಬೇಕೆಂದು ತಂದೆಗೂ ತಿಳಿದಿರಲಿಲ್ಲ.

ಇನ್ನೊಂದು ಮಾತನ್ನು ಆ ತರುಣನಿಗೆ ಹೇಳಿದೆವು. ಕಡಿಮೆ ಬಂದ ವರದಿಯು ಅವನ ಬುದ್ಧಿಗೆ ಕೊಟ್ಟ ಅಂಕವೆಂದು ಅವನು ಭಾವಿಸಿದ್ದನು. “ಸೊಸೆಯ ಮುಂದೆ, ಗೆಳೆಯರ ಮುಂದೆ ಮೂರ್ಖನಾದೆ” ಎಂಬ ನಾಚಿಕೆ ಅವನಲ್ಲಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಆ ಹಾಸಿಗೆಯ ಉದ್ದವನ್ನು ಅಳೆದು ಹೇಳುವವನೇ ಮೌಲ್ಯಮಾಪಕ. ಅಳತೆ ಮಾಡುವವನ ಮೇಲೆ ಕೋಪವಾಗಲಿ, ಅಳತೆಯ ಬಗ್ಗೆ ನಾಚಿಕೆಯಾಗಲಿ ಬೇಡ.

ಸಂಪ್ರಾಪ್ತಿ: ಚಿಂತೆ ದೇಹಕ್ಕೆ ಇಳಿಯುವ ಬಗೆ

ಹಿತವಾದ ಆಹಾರವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ ಮತ್ತು ಜಾಗರಣೆಗಳಿಂದ ಅದು ಪಚನವಾಗದೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ಅತಿಯಾದ ಚಿಂತನೆಯಿಂದ ರಸವಹ ಸ್ರೋತಸ್ಸುಗಳು ಕೆಡುತ್ತವೆಂದೂ ಅಲ್ಲಿಯೇ ಇದೆ. ಮಾಸ್ತರರ ಅರುಚಿ, ಅಜೀರ್ಣ, ಮೈಭಾರಗಳಿಗೆ ಬೇರೆ ಕಾರಣವನ್ನು ಹುಡುಕಬೇಕಾಗಿರಲಿಲ್ಲ. ಇನ್ನು ರಾತ್ರಿಯ ಕಡೆಯ ಭಾಗವು ವಾತದ ಕಾಲ. ಭಯದಿಂದ ಕೆರಳಿದ ವಾತವು ಆ ಹೊತ್ತಿಗೆ ತಟ್ಟಿ ಎಬ್ಬಿಸುತ್ತದೆ. ಎರಡು ಗಂಟೆಗೆ ಎಚ್ಚರವಾಗುತ್ತದೆಂದು ಚಿಂತಾಗ್ರಸ್ತರಲ್ಲಿ ಅನೇಕರು ಹೇಳುವುದು ಇದರಿಂದಲೇ.

ಕಾಯುವಿಕೆಯ ಸಂಕಟವನ್ನು ಆಧುನಿಕ ವಿಜ್ಞಾನವೂ ಪರೀಕ್ಷಿಸಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 45 ಜನ ಭಾಗವಹಿಸಿದ್ದರು. ಗಣಕಯಂತ್ರದ ತೆರೆಯ ಮೇಲೆ ಕಾಣುವ ಕಲ್ಲಿನಡಿಯಲ್ಲಿ ಹಾವಿದೆಯೇ ಎಂದು ಅವರು ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂತಹ ಸಣ್ಣ ವಿದ್ಯುತ್ ಆಘಾತ. ಆಘಾತ ಖಂಡಿತವೆಂದು ತಿಳಿದಾಗ ಇದ್ದುದಕ್ಕಿಂತ, ಆಗಬಹುದು ಅಥವಾ ಆಗದಿರಬಹುದು ಎಂಬ ಸಮಪಾಲಿನ ಸಂಶಯವಿದ್ದಾಗಲೇ ಅವರ ಬೆವರು, ಕಣ್ಣಪಾಪೆಯ ಹಿಗ್ಗುವಿಕೆ ಮೊದಲಾದ ಒತ್ತಡದ ಗುರುತುಗಳು ಹೆಚ್ಚಾಗಿದ್ದವು. ಕೆಟ್ಟ ಸುದ್ದಿಗಿಂತ ತಿಳಿಯದ ಸುದ್ದಿ ದೇಹವನ್ನು ಹೆಚ್ಚು ಕಾಡುತ್ತದೆ. ವರದಿ ಬರುವವರೆಗಿನ ದಿನಗಳು ಕೊಳ್ಳುವವರಿಗೆ ಇದೇ ಬಗೆಯ ಕಲ್ಲುಗಳು.

ಚಿಕಿತ್ಸೆ

ಮನಸ್ಸಿನ ದೋಷಗಳಿಗೆ ಬುದ್ಧಿ, ಧೈರ್ಯ ಮತ್ತು ಆತ್ಮಜ್ಞಾನಗಳೇ ಪರಮೌಷಧವೆಂದು ವಾಗ್ಭಟಾಚಾರ್ಯರು ಹೇಳಿದ್ದಾರೆ. ಆದುದರಿಂದ ಚೀಟಿಯಲ್ಲಿ ನಾವು ಬರೆದ ಮೊದಲ ಔಷಧ ಒಂದು ಕಾಗದ. ಎಡಬದಿಗೆ ‘ನಾವು ಮಾಡಬಹುದಾದುದು’, ಬಲಬದಿಗೆ ‘ಕಾಯಬೇಕಾದುದು’. ಹಣದ ಲೆಕ್ಕ, ಷರತ್ತಿನ ಕೊನೆಯ ದಿನಾಂಕ, ಬ್ಯಾಂಕಿಗೆ ಕೇಳಬೇಕಾದ ಪ್ರಶ್ನೆಗಳು ಎಡಕ್ಕೆ. ಮೌಲ್ಯಮಾಪಕನು ಬರೆಯುವ ಅಂಕಿ ಬಲಕ್ಕೆ. ಎಡಬದಿಯದನ್ನು ಹಗಲಿನಲ್ಲಿ ಮಾಡಿ ಮುಗಿಸಿ, ಬಲಬದಿಯದನ್ನು ಮಡಿಚಿಡಬೇಕು.

ಎರಡನೆಯದು, ರಾತ್ರಿ ಯಾವ ನಿರ್ಣಯವನ್ನೂ ಕೈಗೊಳ್ಳದಿರುವುದು. ಇದನ್ನು ನಾವು ಅನುಭವದಿಂದ ಹೇಳುತ್ತೇವೆ. 1996ರಲ್ಲಿ ಚಿಕಿತ್ಸಾಲಯಕ್ಕೆಂದು ಹಳೆಯ ಮನೆಯೊಂದನ್ನು ಕೊಂಡಾಗ ಬ್ಯಾಂಕು ನಾವು ಒಪ್ಪಿದ ಬೆಲೆಗಿಂತ ಕಡಿಮೆ ಮೌಲ್ಯ ಕಟ್ಟಿತು. ಮಾರುವವರನ್ನು ಒಂದು ಮಾತು ಕೇಳುವ ತಾಳ್ಮೆಯಿಲ್ಲದೆ, ನಿದ್ರೆಗೆಟ್ಟ ರಾತ್ರಿಯೊಂದರಲ್ಲಿ ನಿಶ್ಚಯಿಸಿ, ಮರುದಿನವೇ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಗಡ ತಂದೆವು. ತೀರಿಸಲು ಮೂರು ವರ್ಷ ಬೇಕಾಯಿತು. ರೋಗಿಗಳಿಗೆ ಧೈರ್ಯ ಹೇಳುವ ವೈದ್ಯನೂ ರಾತ್ರಿಯ ವಾತಕ್ಕೆ ಹೊರತಲ್ಲ!

ಮೂರನೆಯದು, ದೂರವಾಣಿಯ ಪಥ್ಯ. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಮಗನ ಕರೆ ಬಂದೀತೆಂದು ಮಾಸ್ತರರು ಮೊಬೈಲನ್ನು ದಿಂಬಿನ ಪಕ್ಕದಲ್ಲಿಟ್ಟು ಮಲಗುತ್ತಿದ್ದರು. ಬೇಸಿಗೆಯಲ್ಲಿ ಓಹಾಯೋದ ರಾತ್ರಿ ಒಂಬತ್ತು ಗಂಟೆ ಎಂದರೆ ಇಲ್ಲಿ ಮರುದಿನ ಮುಂಜಾನೆ ಆರೂವರೆ. ಆ ಹೊತ್ತಿಗೆ ಮಾತ್ರ, ದಿನಕ್ಕೊಮ್ಮೆ ಮಾತನಾಡಬೇಕೆಂದು ತಂದೆ ಮಗ ಇಬ್ಬರಿಗೂ ಹೇಳಿದೆವು. ಮೊಬೈಲು ಪಡಸಾಲೆಗೆ ಹೋಯಿತು.

ನಾಲ್ಕನೆಯದು, ಆಹಾರ ವಿಹಾರ. ಸಂಜೆ ಏಳರಿಂದ ಎಂಟರೊಳಗೆ ಹಗುರವಾದ ಬಿಸಿ ಊಟ. ಮಧ್ಯಾಹ್ನದ ಮೇಲೆ ಚಹಾ, ಕಾಫಿ ಬೇಡ. ನಿದ್ರೆಯನ್ನು ತರುವ ಪದಾರ್ಥಗಳಲ್ಲಿ ಎಮ್ಮೆಯ ಹಾಲನ್ನು ಚರಕರು ಶ್ರೇಷ್ಠವೆಂದಿದ್ದಾರೆ. ಜೀರ್ಣಶಕ್ತಿ ಇದ್ದವರು ಮಲಗುವ ಒಂದು ಗಂಟೆ ಮೊದಲು ಅರ್ಧ ಲೋಟ ಬಿಸಿ ಹಾಲನ್ನು ಸೇವಿಸಬಹುದು. ಇದಕ್ಕೆ ಜಾಯಿಕಾಯಿಯನ್ನು ಬೆರೆಸುವ ರೂಢಿಯಿದೆ. ಅದು ಒಂದು ಚಿಟಿಕೆಯನ್ನು ಮೀರಬಾರದು, ಹೆಚ್ಚಾದರೆ ವಿಷವಾಗುತ್ತದೆ. ರಾತ್ರಿ ಅಂಗಾಲಿಗೆ ಎಳ್ಳೆಣ್ಣೆ ಅಥವಾ ತುಪ್ಪವನ್ನು ಹತ್ತು ನಿಮಿಷ ತಿಕ್ಕುವುದು, ವಾರಕ್ಕೆರಡು ಬಾರಿ ಎಣ್ಣೆಸ್ನಾನ, ಬೆಳಗ್ಗೆ ಅರ್ಧ ಗಂಟೆಯ ನಡಿಗೆ, ಐದು ನಿಮಿಷ ನಿಧಾನವಾದ ಉಸಿರಾಟ, ಇವು ಖರ್ಚಿಲ್ಲದ ಔಷಧಗಳು. ಅಶ್ವಗಂಧ ಮೊದಲಾದವನ್ನು ವೈದ್ಯರ ಸಲಹೆಯಿಲ್ಲದೆ, ವಿಶೇಷವಾಗಿ ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇರುವವರು ಮತ್ತು ಗರ್ಭಿಣಿಯರು, ಸೇವಿಸಬಾರದು. ರಕ್ತದೊತ್ತಡದ ಮಾತ್ರೆಯನ್ನು ಯಾವ ಕಾರಣಕ್ಕೂ ತಾವಾಗಿಯೇ ನಿಲ್ಲಿಸಬಾರದು. ಮಾಸ್ತರರನ್ನು ಅವರ ಹೃದಯವೈದ್ಯರ ಬಳಿಗೂ ನಾವು ಅದೇ ವಾರ ಕಳುಹಿಸಿದೆವು.

ಎದೆಯಲ್ಲಿ ನೋವು ಅಥವಾ ಹಿಡಿತ, ಉಸಿರು ಕಟ್ಟುವಿಕೆ ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡು ಮೂರು ವಾರ ನಿದ್ರೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ಸಂಕೋಚಪಡದೆ ಮನೋವೈದ್ಯರನ್ನು ಕಾಣಬೇಕು. ನಮ್ಮ ದೇಶದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416, ಅಮೆರಿಕದಲ್ಲಿ 988 ಹಗಲಿರುಳೂ ಉಚಿತವಾಗಿ ದೊರೆಯುತ್ತವೆ.

ನಮ್ಮ ನಾಡಿನಲ್ಲಿಯೂ

ಇಲ್ಲಿ ಮನೆ ಕೊಳ್ಳುವವರಿಗೂ ಈ ಪಾಠ ಅನ್ವಯಿಸುತ್ತದೆ. ನಮ್ಮ ಬ್ಯಾಂಕುಗಳೂ ತಮ್ಮ ಪಟ್ಟಿಯಲ್ಲಿರುವ ಮೌಲ್ಯಮಾಪಕರನ್ನು ಕಳುಹಿಸುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಮನೆಸಾಲಕ್ಕೆ ಮೌಲ್ಯದ ಶೇ. 90, ಅಲ್ಲಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75 ಗರಿಷ್ಠ ಮಿತಿ. ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳು ಸಾಮಾನ್ಯವಾಗಿ ಈ ಮೌಲ್ಯದಲ್ಲಿ ಸೇರುವುದಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯ ಮಾರ್ಗಸೂಚಿ ಬೆಲೆಯೇ ಬೇರೆ, ಬ್ಯಾಂಕಿನ ಮೌಲ್ಯವೇ ಬೇರೆ. ಸಂಚಕಾರ ಕೊಡುವ ಮೊದಲೇ, ಸಾಲ ಇಷ್ಟಕ್ಕಿಂತ ಕಡಿಮೆ ಬಂದರೆ ಹಣ ಮರಳಿಸಬೇಕೆಂದು ಕರಾರುಪತ್ರದಲ್ಲಿ ಬರೆಯಿಸಿಕೊಂಡವರು ನೆಮ್ಮದಿಯಿಂದ ನಿದ್ರಿಸುತ್ತಾರೆ.

ಮಾಸ್ತರರ ಮಗನ ವರದಿ ಒಂಬತ್ತನೆಯ ದಿನ ಬಂತು. ಹೆದರಿದಂತೆಯೇ ಕಡಿಮೆ ಬಂದಿತ್ತು. ಚೀಟಿಯ ಹಿಂದೆ ನಾವು ಲೆಕ್ಕಕ್ಕೆಂದು ಬರೆದಿದ್ದ 4,55,000ವೇ ಅಲ್ಲಿತ್ತು. ಮಗನು ಹಗಲಿನಲ್ಲಿ, ಶಾಂತನಾಗಿ ಮಾರುವವರನ್ನು ಕೇಳಿದನು. ಅವರು 8,000 ಇಳಿಸಿದರು. ಹೊಸ ಕಾರಿಗೆಂದು ಕೂಡಿಟ್ಟ ಹಣದಿಂದ ಇನ್ನೊಂದು 8,000 ತೆಗೆದು ಸೊಸೆ ಮುಂದಿಟ್ಟಳು. ಸಾಲ ಮಂಜೂರಾಯಿತು. ಗದಗ ಸೀಮೆಯ ಎರೆಹೊಲ ಮಾಸ್ತರರ ಹೆಸರಿನಲ್ಲಿಯೇ ಉಳಿಯಿತು.

ಹದಿನೈದು ದಿನಗಳ ಬಳಿಕ ಅವರು ಬಂದಾಗ ಒತ್ತಡ 138ಕ್ಕೆ 84 ಇತ್ತು. “ಈಗ ನಿದ್ದಿ ಹೆಂಗೈತ್ರಿ ಮಾಸ್ತರ?” ಎಂದು ಅವರ ಮಾತಿನಲ್ಲಿಯೇ ಕೇಳಿದೆವು. “ಎರಡಕ್ಕ ಒಮ್ಮೊಮ್ಮೆ ಎಚ್ಚರಾಗತೈತ್ರಿ. ಆದ್ರ ಮುಂಜಾನಿ ಆರೂವರಿ ತನಕ ಏನೂ ವಿಚಾರ ಮಾಡಬ್ಯಾಡ ಅಂತ ಡಾಕ್ಟರ ಹೇಳ್ಯಾರ ಅಂತ ನೆನಪು ಮಾಡ್ಕೋತೀನಿ. ಮತ್ತ ನಿದ್ದಿ ಹತ್ತತೈತ್ರಿ,” ಎಂದು ನಕ್ಕರು.